ಹತ್ತು ಗಂಟೆಯ ನಂತರದ ಮನೆಗಳು

ಕ್ರಿಸ್ಮಸ್ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅಜ್ಜಿಯದ್ದು ಒಂದು, ದೊಡ್ಡಪ್ಪನದ್ದು ಇನ್ನೊಂದು. ಅಪ್ಪ ಅಮ್ಮ ಯಾವ ಕಡೆಗೂ ವಾಲದೆ ಡಿಸೆಂಬರ್ ಇಡೀ ಇಬ್ಬರಿಗೂ ಹೂಂಗುಟ್ಟುತ್ತ ದಿನ ದೂಡುತ್ತಿದ್ದರು. ದೇವರೇ ಮನುಷ್ಯನಾಗಿ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಅಂತ ನಿಜವಾಗಿ ನಂಬಿದವರಿಗೆ ಮಾತಾದರೂ ಹೇಗೆ ಹೊರಡುತ್ತದೆ ಎಂಬುದು ಅಜ್ಜಿಯ ಪ್ರಶ್ನೆ. ಅಂಥ ಸುದ್ದಿ ಕೇಳಿಯೂ ಸುಮ್ಮನೆ ಕೂತವನು ಅದನ್ನು ನಂಬಿದ್ದಾನೆ ಅಂತ ಹೇಗೆ ಹೇಳುವುದು ಎಂಬುದು ದೊಡ್ಡಪ್ಪನ ಪ್ರಶ್ನೆ. ಇಬ್ಬರೂ ತಾಯಿ-ಮಗ. ಜಗಳ ಪ್ರತಿ ವರ್ಷ ಇದ್ದದ್ದೇ, ತೀರ್ಮಾನ ಯಾವ ವರ್ಷವೂ ಇಲ್ಲ.

ನಮ್ಮದು ಮಂಗಳೂರಿನ ಜೆಪ್ಪು ಕಡೆ ಬಾಸೆಲ್ ಮಿಶನಿನ ಸುತ್ತ ಬೆಳೆದ ಕ್ರೈಸ್ತ ಮನೆಗಳಲ್ಲಿ ಒಂದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಪೇಟೆಯಲ್ಲಿ ಎದುರಿಗೆ ಸಿಕ್ಕವರದ್ದು ಯಾವುದೋ ಅದು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಬಂದಿಳಿದ ಮೇಲೆ ಈ ಊರಿಗೆ ಬಂದದ್ದು ಸುವಾರ್ತೆ ಒಂದೇ ಅಲ್ಲ. 1841ರಲ್ಲಿ ಅಚ್ಚುಕೂಟ ಬಂತು, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಬಂತು, ನೇಯ್ಗೆಯ ಕಾರ್ಖಾನೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ. ಕ್ರೈಸ್ತರಾದವರು ಜಾತಿಯ ಜೊತೆಗೆ ಕಸುಬನ್ನೂ ಮನೆಮಠವನ್ನೂ ಕಳೆದುಕೊಳ್ಳುತ್ತಿದ್ದ ಕಾಲ. ಅವರ ಹೊಟ್ಟೆಪಾಡಿಗೆ ಒಂದು ದಾರಿ ಬೇಕಿತ್ತು. ದೊಡ್ಡಪ್ಪ ಹಂಚಿನ ಕಾರ್ಖಾನೆಯಲ್ಲೇ ಕೂದಲು ನರೆಸಿಕೊಂಡವರು. ಹಂಚು ಒತ್ತುವ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತು ಅವರ ಕಿವಿ ಸ್ವಲ್ಪ ಮಂದವಾಗಿತ್ತು. ಅವರ ಭಕ್ತಿ ಅಷ್ಟು ಜೋರಾಗಿರುವುದಕ್ಕೆ ಅರ್ಧ ಕಾರಣ ಅದೇ ಅಂತ ಅಪ್ಪನ ಗುಮಾನಿ.

ಅಜ್ಜಿಯ ಮೌನಕ್ಕೂ ಒಂದು ವಂಶಾವಳಿ ಉಂಟು. ಆ ಕಾಲದ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನಿಯ ತೆಂಕಣ ಭಾಗದ ವುರ್ಟೆಂಬರ್ಗಿನವರು, ಪಯಟಿಸ್ಟ್ ಪಂಥದವರು. ಮನೆಯಲ್ಲಿ ನಾಲ್ಕು ಜನ ಸೇರಿ ಬೈಬಲ್ ಓದುವುದು, ಆಮೇಲೆ ಒಬ್ಬೊಬ್ಬರೇ ಕೂತು ತಮ್ಮ ಒಳಗನ್ನು ತಾವೇ ತಡಕಾಡಿ ನೋಡುವುದು, ಇದು ಅವರ ಕ್ರಮ. ನಾಡಿನ ಮೌನಿಗಳು ಅಂತ ಅವರ ಊರಿನಲ್ಲೇ ಅವರನ್ನು ಕರೆಯುತ್ತಿದ್ದರಂತೆ. ಕೋಲಕ್ಕೆ, ಕಂಬಳಕ್ಕೆ ಬಡಿಯುವ ವಾದ್ಯಗಳು ಆರಾಧನೆಯ ಹತ್ತಿರ ಸುಳಿಯಬಾರದು ಅಂತ ಅವರ ಕಟ್ಟುನಿಟ್ಟು ಇತ್ತೆಂದು ಹಿರಿಯರು ಹೇಳುತ್ತಿದ್ದರು. ಅಜ್ಜಿ ಮಿಶನ್ ಶಾಲೆಯಲ್ಲಿ ಓದಿದವಳು. ಅವಳಿಗೆ ಹಾಡು ಕಲಿಸಿದ ಮಿಸ್ಸಿಯಮ್ಮ ಪಾಠದ ಮೊದಲು ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರಂತೆ, ಕೂತ ಮಕ್ಕಳಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರಂತೆ. ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಹಿಡಿದು ಅಹ್ಮದ್‌ನಗರದ ಶಿಬಿರಕ್ಕೆ ಕಳಿಸಿತು. ಮಿಸ್ಸಿಯಮ್ಮನೂ ಊರು ಬಿಟ್ಟರು. ಅವರು ಕಲಿಸಿದ ಸುಮ್ಮನಿರುವಿಕೆ ಮಾತ್ರ ನಮ್ಮ ಅಜ್ಜಿಯ ಹತ್ತಿರ ಉಳಿಯಿತು.

ಅಡ್ವೆಂಟಿನ ಮೊದಲ ಭಾನುವಾರದಿಂದ ಅಜ್ಜಿಯ ಕಾನೂನು ಜಾರಿಗೆ ಬರುತ್ತಿತ್ತು. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಕಾಯುವ ದಿನಗಳು, ಆಚರಿಸುವ ದಿನಗಳಲ್ಲ. ಆ ಮೊದಲ ಭಾನುವಾರಕ್ಕೆ ಮುಂಚೆ ನಕ್ಷತ್ರ ತೂಗಿಸುವ ಹಾಗಿಲ್ಲ. 24ರ ಸಂಜೆಗೆ ಮೊದಲು ಮನೆಯೊಳಗೆ ಕ್ರಿಸ್ಮಸ್ ಹಾಡು ಹಾಡುವ ಹಾಗಿಲ್ಲ. ದೊಡ್ಡಪ್ಪ ಕ್ಯಾರೋಲಿನ ತಾಲೀಮು ಅಂತ ಹೇಳಿ ಬಚ್ಚಲುಮನೆಯಲ್ಲಿ ಹಾಡುತ್ತಿದ್ದರು. ಅಜ್ಜಿ ಹೊರಗಿನಿಂದ ಬಾಗಿಲು ತಟ್ಟುತ್ತಿದ್ದಳು. ಒಂದು ಹಿತ್ತಾಳೆ ತಟ್ಟೆ, ಅದರ ಸುತ್ತ ಗಾಳಿಮರದ ಸೊಪ್ಪು, ನಡುವೆ ನಾಲ್ಕು ಮೇಣದ ಬತ್ತಿ. ವಾರಕ್ಕೊಂದು ಹೆಚ್ಚಿಗೆ ಹಚ್ಚುವುದು. ಈ ಪದ್ಧತಿ 1839ರಲ್ಲಿ ಹ್ಯಾಂಬರ್ಗಿನ ಒಂದು ಬಡಮಕ್ಕಳ ಆಶ್ರಮದಲ್ಲಿ ಶುರುವಾದದ್ದು ಅಂತ ನಾನು ಓದಿದ್ದು ಬಹಳ ತಡವಾಗಿ. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ಪೀಡಿಸುತ್ತಿದ್ದರಂತೆ. ವಿಖೆರ್ನ್ ಎಂಬ ಪಾದ್ರಿ ಗಾಡಿಯ ಚಕ್ರವೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಬತ್ತಿ ಸಿಕ್ಕಿಸಿ ತೂಗುಬಿಟ್ಟರು. ಕಾಯುವುದು ಅಂದರೆ ಏನು ಅಂತ ಕಣ್ಣಿಗೆ ಕಾಣಿಸಿದ್ದು. ನಮಗೆ ಆಗ ಕಾಣುತ್ತಿದ್ದದ್ದು ಮೊದಲ ವಾರದ ಬತ್ತಿ ಮೋಟಾಗಿ, ನಾಲ್ಕನೆಯದು ಹೊಸದಾಗೇ ಇರುವ ಓರೆಕೋರೆ ಮಾತ್ರ.

ಬತ್ತಿ ಹಚ್ಚಿದ ಮೇಲೆ ಓದು. ಲೂಕನ ಸುವಾರ್ತೆಯ ಮೊದಲ ಅಧ್ಯಾಯ 80 ವಚನದ್ದು, ಉದ್ದ; ದಿನಕ್ಕೆ ಸ್ವಲ್ಪ ಸ್ವಲ್ಪವೇ ಓದಿಸುತ್ತಿದ್ದಳು. ಯೇಸು ಹುಟ್ಟುವುದಕ್ಕೆ ಮುಂಚೆ ಅಲ್ಲಿ ಜಕರೀಯನ ಕಥೆ ಬರುತ್ತದೆ. ಮುದುಕನಾದ ಯಾಜಕ, ಮಕ್ಕಳಿಲ್ಲ. ದೇವಾಲಯದೊಳಗೆ ಧೂಪ ಹಾಕುತ್ತಿದ್ದಾಗ ದೇವದೂತ ಬಂದು ನಿನಗೆ ಮಗ ಹುಟ್ಟುತ್ತಾನೆ ಅನ್ನುತ್ತಾನೆ. ಈ ವಯಸ್ಸಿನಲ್ಲಿ ಹೇಗೆ ನಂಬುವುದು ಅಂತ ಇವನು ಕೇಳುತ್ತಾನೆ. ಅಲ್ಲಿಗೆ ಬಾಯಿ ಬಂದ್. ಮಗು ಹುಟ್ಟಿ, ಹೆಸರಿಡುವ ದಿನ ಹಲಗೆಯ ಮೇಲೆ ಯೋಹಾನ ಅಂತ ಬರೆದು ತೋರಿಸಿದ ಮೇಲೆಯೇ ನಾಲಿಗೆ ಬಿಡುಗಡೆಯಾಗುವುದು.

“ಅದನ್ನು ಎಲ್ಲರೂ ಶಿಕ್ಷೆ ಅಂತ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ,” ಅಂತ ಅಜ್ಜಿ. “ಪ್ರಸಂಗ ಮಾಡಿ ಮಾಡಿ ಸುಸ್ತಾದ ಯಾಜಕನಿಗೆ ದೇವರು ಒಂಬತ್ತು ತಿಂಗಳು ರಜೆ ಕೊಟ್ಟದ್ದು.”

“ಬಾಯಿ ಬಂದ ಕೂಡಲೇ ಅವ ಎಂತ ಮಾಡಿದ, ಅದನ್ನು ಹೇಳಿ ಅಮ್ಮ,” ಅಂತ ದೊಡ್ಡಪ್ಪ ಒಳಗಿನಿಂದ. “ಹಾಡಿದ! ನಾನು ಹೇಳುವುದೂ ಅಷ್ಟೇ.”

ಯೋಸೇಫನ ಬಗ್ಗೆಯೂ ಹೀಗೇ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಅವನ ಬಾಯಿಂದ ಒಂದು ಮಾತೂ ಬರುವುದಿಲ್ಲ. ಕನಸು ಬೀಳುತ್ತದೆ, ಏಳುತ್ತಾನೆ, ಹೇಳಿದ್ದನ್ನು ಮಾಡುತ್ತಾನೆ. ಅಜ್ಜಿಗೆ ಅವನ ಮೇಲೆ ಬಹಳ ಅಭಿಮಾನ. “ಬಡಗಿ ಅಲ್ಲವಾ, ಸುತ್ತಿಗೆಯ ಶಬ್ದ ಆದರೂ ಮಾಡಿಯೇ ಇರುತ್ತಾನೆ,” ಅಂತ ದೊಡ್ಡಪ್ಪ ಅದಕ್ಕೂ ತಕರಾರು ತೆಗೆಯುತ್ತಿದ್ದರು.

ಓದಿನ ನಂತರ ಐದು ನಿಮಿಷ ಯಾರೂ ಮಾತಾಡಬಾರದು. ಮಕ್ಕಳಿಗೆ ಐದು ನಿಮಿಷ ಅಂದರೆ ಒಂದು ಯುಗ. ನಾನು ಧ್ಯಾನ ಮಾಡುತ್ತಿದ್ದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ, ಬತ್ತಿಯ ಮೇಣ ಯಾವ ಕಡೆ ಇಳಿಯುತ್ತದೆ ಅಂತ ತಮ್ಮನ ಜೊತೆ ಕಣ್ಣಿನಲ್ಲೇ ಪಂಥ ಕಟ್ಟುತ್ತಿದ್ದೆ, ನೇತ್ರಾವತಿಯ ಸಂಕದ ಮೇಲೆ ರೈಲು ಹೋಗುವ ಶಬ್ದ ಕೇಳುತ್ತಿದ್ದೆ. ಆದರೆ ಹಗಲಿನಲ್ಲೂ ಹೋಗುವ ರೈಲು ಆ ಐದು ನಿಮಿಷದಲ್ಲಿ ಮಾತ್ರ ನನಗೆ ಕೇಳುತ್ತಿತ್ತು. ಅಷ್ಟು ಹೊತ್ತಿಗೆ ದೊಡ್ಡಪ್ಪನೂ ಬಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಕಣ್ಣು ಮುಚ್ಚುತ್ತಿರಲಿಲ್ಲ, ಬಾಯಿ ಮಾತ್ರ ಮುಚ್ಚುತ್ತಿದ್ದರು.

ಅಜ್ಜಿಯ ನಿಜವಾದ ಧ್ಯಾನ ನಾನು ಕಂಡದ್ದು ಅಡಿಗೆಮನೆಯಲ್ಲಿ, ಗುಲಾಬಿ ಕುಕ್ಕೀಸಿನ ದಿನ. ಬೆಳ್ತಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದು, ದಪ್ಪ ಕಾಯಿಹಾಲು, ಸಕ್ಕರೆ, ಮೊಟ್ಟೆ, ಚೂರು ಮೈದಾ, ಎಳ್ಳು ಹಾಕಿ ಹಿಟ್ಟು ಕಲಸುವುದು. ಉದ್ದ ಹಿಡಿಯ ತುದಿಯಲ್ಲಿ ಹೂವಿನ ಆಕಾರದ ಕಬ್ಬಿಣದ ಅಚ್ಚು. ಅದನ್ನು ಮೊದಲು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಬೇಕು. ಕಾದದ್ದು ಕಡಿಮೆಯಾದರೆ ಹಿಟ್ಟು ಹಿಡಿಯುವುದೇ ಇಲ್ಲ. ಹೆಚ್ಚಾದರೆ ಚುಂಯ್ ಅಂತ ಹಿಟ್ಟಿನ ಪಾತ್ರೆಯಲ್ಲೇ ಬೆಂದು ಗಂಟಾಗುತ್ತದೆ. ಸರಿಯಾಗಿ ಕಾದ ಅಚ್ಚನ್ನು ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಮೇಲಿನ ಅಂಚಿಗೆ ಹಿಟ್ಟು ಹತ್ತಿತೋ, ಹೂವು ಅಚ್ಚನ್ನು ಬಿಟ್ಟು ಬರುವುದಿಲ್ಲ. ಅಲ್ಲಿಂದ ಮತ್ತೆ ಎಣ್ಣೆಗೆ. ಒಂದೆರಡು ಉಸಿರಿನಷ್ಟು ಹೊತ್ತು ಕಾದು, ಮಣಿಕಟ್ಟನ್ನು ಸಣ್ಣಕ್ಕೆ ಅಲುಗಿಸಿದರೆ ಹೂವು ತಾನಾಗಿ ಕಳಚಿಕೊಂಡು ಎಣ್ಣೆಯ ಮೇಲೆ ತೇಲುತ್ತದೆ. ಅಜ್ಜಿ ಆ ಹೊತ್ತಿನಲ್ಲಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೆಂಕಿ ಕಡಿಮೆ ಮಾಡು ಅನ್ನುವುದಕ್ಕೂ ಗಲ್ಲ ಆಡಿಸಿ ತೋರಿಸುವುದು. ಬೆಳಿಗ್ಗೆ ಕೂತವಳು ಮಧ್ಯಾಹ್ನದ ಹೊತ್ತಿಗೆ ಎರಡು ಡಬ್ಬಿ ತುಂಬಿಸಿ ಏಳುವಾಗ ಮುಖ ಬೆವರಿ ಕೆಂಪಾಗಿರುತ್ತಿತ್ತು, ಆದರೆ ಪ್ರಾರ್ಥನೆ ಮುಗಿಸಿ ಎದ್ದವರ ಹಗುರ ಅದರಲ್ಲಿತ್ತು. ಪಕ್ಕದ ಕೊಂಕಣಿ ಮನೆಯ ಬಾಯಿ ಅವರ ಕುಸ್ವಾರಿನ ತಟ್ಟೆ ತಂದಾಗ ಅದರಲ್ಲಿ ನೆವ್ರಿ, ಕಲ್‌ಕಲ್, ಚಕ್ಕುಲಿಯ ಜೊತೆ ಇದೇ ಹೂವು ಇರುತ್ತಿತ್ತು. ಯಾರದ್ದು ಗರಿಗರಿ ಎಂಬ ಚರ್ಚೆಯನ್ನು ನಾವು ಅವರು ಹೋದ ಮೇಲೆ ಮಾಡುತ್ತಿದ್ದೆವು. ಅವರ ಮನೆಯ ಗೋದಲಿ ನೋಡಲು ಹೋಗುವುದು ನಮಗೆ ಇನ್ನೊಂದು ಹಬ್ಬ. ಗೆರಟೆಯಲ್ಲಿ ಬೆಳೆಸಿದ ರಾಗಿಯ ಪೈರು, ಕನ್ನಡಿಯ ಚೂರಿನ ಕೆರೆ. ನಮ್ಮ ಪ್ರಾಟೆಸ್ಟೆಂಟ್ ಮನೆಯಲ್ಲಿ ಗೊಂಬೆ ಇಡುವ ರೂಢಿ ಇರಲಿಲ್ಲ, ಆ ಹೊಟ್ಟೆಕಿಚ್ಚು ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಇನ್ನು ದೊಡ್ಡಪ್ಪನ ಪಕ್ಷ. ಅವರ ಹತ್ತಿರ ಯಾವುದೋ ಹಳೆಯ ಬ್ಯಾಂಡ್‌ಸೆಟ್ಟಿನವರಿಂದ ಕೊಂಡ ದೊಡ್ಡ ಡ್ರಮ್ ಇತ್ತು. ವರ್ಷವಿಡೀ ಅಟ್ಟದ ಮೇಲೆ ಗೋಣಿ ಹೊದ್ದು ಮಲಗಿರುತ್ತಿದ್ದ ಅದು ಡಿಸೆಂಬರಿನಲ್ಲಿ ಇಳಿಯುತ್ತಿತ್ತು. ಮಿಶನರಿಗಳಿಗೆ ವಾದ್ಯ ಆಗುತ್ತಿರಲಿಲ್ಲ ಅಂತ ಅಜ್ಜಿ ಹೇಳಿದರೆ ದೊಡ್ಡಪ್ಪ ಅದೇ ಮಿಶನರಿಗಳಲ್ಲಿ ತಮ್ಮ ಪರ ಸಾಕ್ಷಿ ಹುಡುಕುತ್ತಿದ್ದರು. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದು ಯಾರು, ಮೋಗ್ಲಿಂಗ್ ಅಲ್ಲವಾ? ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಅಂತ ನಮ್ಮ ನಾಡಿನ ಹಾಡುಗಬ್ಬದ ದಾರಿಯಲ್ಲಿ ಬರೆದದ್ದು ಯಾರು, ನಿಘಂಟಿನ ಕಿಟೆಲ್ ಅಲ್ಲವಾ? ಕಿಟೆಲ್ ನಿಘಂಟು 1894ರದ್ದು, ‘ಕಥಾಮಾಲೆ’ ಅದಕ್ಕೂ ಮೂವತ್ತು ವರ್ಷ ಹಿಂದಿನದ್ದು. ಜರ್ಮನಿಯ ನಿಧಾನ ಧಾಟಿಗೆ ಕನ್ನಡದ ಮಾತು ಜೋಡಿಸಿ ಹಾಡುವುದರಲ್ಲಿ ಅಜ್ಜಿಗೆ ಸುಖ. ಭಜನೆಯ ಧಾಟಿ, ತಾಳ, ಎರಡನೆಯ ಚರಣಕ್ಕೆ ಏರುವ ವೇಗ, ಇವು ದೊಡ್ಡಪ್ಪನಿಗೆ. ಒಂದೇ ಸಂಗೀತ ಪುಸ್ತಕದಲ್ಲಿ ಎರಡೂ ಇದ್ದವು.

ಕ್ಯಾರೋಲ್ ರಾತ್ರಿಗಳಲ್ಲಿ ಗ್ಯಾಸ್‌ಲೈಟಿಗೆ ಪಂಪು ಹೊಡೆಯುವುದು ಅಪ್ಪನ ಕೆಲಸ. ಡ್ರಮ್ಮಿನ ಹಗ್ಗವನ್ನು ಇಬ್ಬರು ಹುಡುಗರು ಹೊರುತ್ತಿದ್ದರು, ಹತ್ತಿ ಗಡ್ಡದ ಕ್ರಿಸ್ಮಸ್ ತಾತ ಹಿಂದಿನಿಂದ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದ. ನಾವು ಕ್ರೈಸ್ತರ ಮನೆಗಳಿಗೆ ಮಾತ್ರ ಹೋಗುತ್ತಿದ್ದದ್ದಲ್ಲ. ದಾರಿಯಲ್ಲಿ ಬೀಡಿ ಕಟ್ಟುವ ಅಕ್ಕಂದಿರ ಮನೆಗಳಿದ್ದವು. ರಾತ್ರಿಯೂ ಚಿಮಿಣಿ ದೀಪ ಇಟ್ಟುಕೊಂಡು ಜಗಲಿಯಲ್ಲಿ ಕೂತು ಕಟ್ಟುತ್ತಿದ್ದರು. ಹಾಡು ಶುರುವಾದರೆ ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಎಲೆ, ಹೊಗೆಸೊಪ್ಪು, ಸುತ್ತು, ನೂಲು. ಕ್ರಮೇಣ ಅವರ ಬೆರಳು ದೊಡ್ಡಪ್ಪನ ತಾಳಕ್ಕೆ ಬೀಳುವುದನ್ನು ನಾನು ನೋಡಿದ್ದೇನೆ. ಒಬ್ಬರು ಮಾತ್ರ ಪ್ರತಿ ವರ್ಷ, “ಆ ಮೆಲ್ಲಗಿನ ಪದ್ಯ ಒಂದು ಹೇಳಿ,” ಅಂತ ಕೇಳುತ್ತಿದ್ದರು. ಅವರಿಗಾಗಿ ಡ್ರಮ್ ಕೆಳಗಿಳಿಸಿ ‘ಸೈಲೆಂಟ್ ನೈಟ್’ನ ಕನ್ನಡ ಹಾಡಬೇಕಾಗುತ್ತಿತ್ತು. ದೊಡ್ಡಪ್ಪ ಆ ಹೊತ್ತಿಗೆ ಬೀಡಿ ಎಲೆಯ ಸೂಪನ್ನು ಪರೀಕ್ಷೆ ಮಾಡುತ್ತ ನಿಲ್ಲುತ್ತಿದ್ದರು.

ಒಂದು ವರ್ಷದ ರಾತ್ರಿ ಬೇರೆ ರೀತಿಯದ್ದು. ನಮ್ಮ ಸಭೆಯ ಒಂದು ಮನೆಯಲ್ಲಿ ಆ ಮಳೆಗಾಲ ಜ್ವರದಿಂದ ಮಗ ತೀರಿಹೋಗಿದ್ದ. ಹಿಂದಿನ ವರ್ಷದವರೆಗೂ ಡ್ರಮ್ಮಿನ ಹಗ್ಗ ಹೊತ್ತವರಲ್ಲಿ ಅವನೂ ಒಬ್ಬ. ಸಾವಿನ ಮನೆಯಲ್ಲಿ ವಾದ್ಯ ಬಾರಿಸುವುದಿಲ್ಲ, ಪ್ರಾರ್ಥನೆ ಮಾಡಿ ಹೊರಡುವುದು ರೂಢಿ. ಅಂಗಳದ ಹೊರಗೇ ದೊಡ್ಡಪ್ಪ ಕೋಲನ್ನು ಕಂಕುಳಿಗೆ ಸಿಕ್ಕಿಸಿದರು. ಒಳಗೆ ಹೋಗಿ ಎಲ್ಲರೂ ತಲೆ ತಗ್ಗಿಸಿ ನಿಂತೆವು. ಉಪದೇಶಿಗಳು ಪ್ರಾರ್ಥನೆ ಮಾಡಿದರು. ಆಮೆನ್ ಅಂದ ಮೇಲೆ ಏನು ಮಾಡುವುದು ಅಂತ ಯಾರಿಗೂ ಗೊತ್ತಾಗಲಿಲ್ಲ. ಆಗ ಆ ತಾಯಿ, “ಎಂತಕ್ಕೆ ನಿಲ್ಲಿಸಿದ್ದು? ಸಂಕದ ಹತ್ತಿರ ಬರುವಾಗಲೇ ನಿಮ್ಮ ಶಬ್ದ ಕೇಳಿತು. ನನ್ನ ಮನೆಗೆ ಬರುವಾಗ ಮಾತ್ರ ಯಾಕೆ ನಿಂತಿತು?” ಅಂದರು. ಸಿಟ್ಟಿನ ದನಿಯೇ. ದೊಡ್ಡಪ್ಪ ಅಪ್ಪನ ಮುಖ ನೋಡಿದರು. ಅಪ್ಪ ಗ್ಯಾಸ್‌ಲೈಟಿಗೆ ಬೇಡದಿದ್ದರೂ ಪಂಪು ಹೊಡೆದರು. “ಬಾರಿಸಿ,” ಅಂದರು ಆಕೆ.

ಬಾರಿಸಿದರು. ಅಷ್ಟು ಜೋರಾಗಿ ಅವರು ಬಾರಿಸಿದ್ದನ್ನು ನಾನು ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಮೊದಲ ಚರಣ ಮುಗಿಯುವಷ್ಟರಲ್ಲಿ ಆಕೆ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಹಾಡುವವರ ದನಿ ಅಲ್ಲಿಗೆ ಸಡಿಲವಾಯಿತು. ನಿಲ್ಲಿಸುವುದೋ ಬೇಡವೋ? ದೊಡ್ಡಪ್ಪ ನಿಲ್ಲಿಸಲಿಲ್ಲ. ಅವರು ನಿಲ್ಲಿಸದ ಕಾರಣ ನಾವೂ ನಿಲ್ಲಿಸಲಿಲ್ಲ. ಮುಚ್ಚಿದ ಬಾಗಿಲಿನ ಎದುರು ನಿಂತು ಎಲ್ಲ ಚರಣಗಳನ್ನೂ ಹಾಡಿ ಹೊರಟೆವು. ಅವತ್ತು ದಾರಿಯುದ್ದಕ್ಕೂ ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆವು. ಬಯ್ಯುತ್ತಾಳೆ ಅಂತ ನಾನು ಕಾದೆ. “ಪೂರ್ತಿ ಹಾಡಿದಿರಾ?” ಅಂತ ಕೇಳಿದಳು. ಹೌದು ಅಂದಾಗ, “ಒಳ್ಳೆದಾಯಿತು,” ಅಂದು ಮಗನಿಗೆ ಬಿಸಿ ಕಾಫಿ ಕೊಟ್ಟಳು.

ಆ ಕ್ರಿಸ್ಮಸ್ ರಾತ್ರಿ, ನೆಂಟರೆಲ್ಲ ಹೋದ ಮೇಲೆ, ಲೂಕನ ಎರಡನೆಯ ಅಧ್ಯಾಯ ಓದಿಸಿದಳು. 18, 19, 20ನೆಯ ವಚನಗಳನ್ನು ಮತ್ತೆ ಓದು ಅಂದಳು. ಕುರುಬರು ತಾವು ಕಂಡದ್ದನ್ನು ಎಲ್ಲರಿಗೂ ಹೇಳುತ್ತಾರೆ, ಕೇಳಿದವರು ಬೆರಗಾಗುತ್ತಾರೆ. ಮರಿಯಳು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಾಳೆ. ಕುರುಬರು ದೇವರನ್ನು ಕೊಂಡಾಡುತ್ತ ಹಿಂದಿರುಗುತ್ತಾರೆ. ಅಜ್ಜಿ ಹೇಳಿದ್ದು ಇಷ್ಟೇ: “ನೋಡಿದೆಯಾ, ಆಚೆಯೂ ಗೌಜಿ, ಈಚೆಯೂ ಗೌಜಿ, ನಡುವೆ ಅವಳು ಸುಮ್ಮನೆ. ಅವಳು ಅವರಿಗೆ ಗಲಾಟೆ ಮಾಡಬೇಡಿ ಅನ್ನಲಿಲ್ಲ. ಅವರು ಅವಳಿಗೆ ನೀನೂ ಹಾಡು ಅನ್ನಲಿಲ್ಲ.” ನನಗೆ ಆ ಮಾತಿನ ತೂಕ ಗೊತ್ತಾದದ್ದು ನಾನೇ ಹೆತ್ತ ಮೇಲೆ. ಹಸಿ ಬಾಣಂತಿ, ಊರಲ್ಲದ ಊರು, ಕೊಟ್ಟಿಗೆ, ಆಗಷ್ಟೇ ಮಲಗಿದ ಕೂಸು. ಅಂಥ ಹೊತ್ತಿನಲ್ಲಿ ಗುರುತಿಲ್ಲದ ಕುರುಬರ ಗುಂಪು ನಡುರಾತ್ರಿ ಒಳಗೆ ನುಗ್ಗಿ ದೇವದೂತರ ಕಥೆ ಹೇಳುತ್ತದೆ. ನಾನಾಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಮರಿಯಳು ಅವರ ಮಾತನ್ನು ಎತ್ತಿಟ್ಟುಕೊಂಡಳು. ಅವರ 'ಗೌಜಿ'ಯೇ ಇಲ್ಲದಿದ್ದರೆ ಅವಳಿಗೆ ಯೋಚಿಸಲು ಏನಿತ್ತು? ಪ್ರಸಂಗಗಳಲ್ಲಿ ಕುರುಬರ ಬಗ್ಗೆ ಕೇಳಿದ್ದೇನೆ, ಮರಿಯಳ ಬಗ್ಗೆ ಕೇಳಿದ್ದೇನೆ. ಮೂರು ವಚನಗಳನ್ನು ಒಟ್ಟಿಗೆ ಇಟ್ಟು ಮಾತಾಡಿದವರು ನನಗೆ ಸಿಕ್ಕಿದ್ದು ಅಜ್ಜಿ ಒಬ್ಬಳೇ.

ಹಾಗಂತ ಜಗಳ ಮುಗಿಯಲಿಲ್ಲ. ‘ಜಾಯ್ ಟು ದ ವರ್ಲ್ಡ್’ ಕ್ರಿಸ್ಮಸ್ ಹಾಡೇ ಅಲ್ಲ ಅಂತ ಅಜ್ಜಿ ಕೊನೆಯವರೆಗೂ ವಾದಿಸಿದಳು. ಗೋದಲಿ ಇಲ್ಲ, ಕುರುಬರಿಲ್ಲ, ನಕ್ಷತ್ರ ಇಲ್ಲ, ಅದೆಂಥ ಕ್ರಿಸ್ಮಸ್ ಹಾಡು? ದೊಡ್ಡಪ್ಪನಿಗೆ ಅದೇ ಪ್ರಾಣ. ನೋಡಿದರೆ ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ಐಸಾಕ್ ವಾಟ್ಸ್ 1719ರಲ್ಲಿ ಅದನ್ನು ಬರೆದದ್ದು 98ನೆಯ ಕೀರ್ತನೆಯ ಆಧಾರದಲ್ಲಿ, ಕ್ರಿಸ್ತನ ರಾಜ್ಯವನ್ನು ಕುರಿತು. ಹಬ್ಬಕ್ಕೆ ಅದು ಅಂಟಿಕೊಂಡದ್ದು ಆಮೇಲೆ. ಅಜ್ಜಿಯ ‘ಸೈಲೆಂಟ್ ನೈಟ್’ ಕಥೆಯೂ ಅವಳು ಅಂದುಕೊಂಡಷ್ಟು ಪ್ರಶಾಂತವಲ್ಲ. ಯೋಸೆಫ್ ಮೋರ್ ಎಂಬ ಪಾದ್ರಿ ಅದರ ಮಾತುಗಳನ್ನು ಬರೆದದ್ದು 1816ರಲ್ಲಿ. ನೆಪೋಲಿಯನ್ನನ ಯುದ್ಧಗಳು ಆಗಷ್ಟೇ ಮುಗಿದಿದ್ದವು, ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದು ಯೂರೋಪಿಗೆ ಆ ವರ್ಷ ಬೇಸಿಗೆಯೇ ಬಂದಿರಲಿಲ್ಲ, ಬೆಳೆ ಹೋಗಿತ್ತು. 1818ರ ಡಿಸೆಂಬರ್ 24ರಂದು ಆಸ್ಟ್ರಿಯದ ಓಬರ್ನ್‌ಡಾರ್ಫ್‌ನಲ್ಲಿ ಶಾಲಾಮಾಸ್ತರ ಗ್ರೂಬರ್ ರಾಗ ಹಾಕಿಕೊಟ್ಟು, ಮೋರ್ ಗಿಟಾರ್ ಬಾರಿಸಿ, ಇಬ್ಬರೂ ಹಾಡಿದರು. ಆಮೇಲೆ ಊರೂರು ತಿರುಗಿ ಹಾಡಿ ಹೊಟ್ಟೆ ಹೊರೆಯುವ ತಿರೋಲಿನ ಕುಟುಂಬಗಳು ಅದನ್ನು ಲೋಕಕ್ಕೆ ಹಬ್ಬಿಸಿದವು. ಬರೆದವರು ಯಾರು ಎಂಬುದೇ ಮರೆತುಹೋಗಿ, 1854ರಲ್ಲಿ ಬರ್ಲಿನ್ನಿನಿಂದ ವಿಚಾರಣೆ ಬಂದಾಗ ಗ್ರೂಬರ್ ನಡೆದದ್ದನ್ನು ಬರೆದುಕೊಡಬೇಕಾಯಿತು.

ಅಜ್ಜಿ, ದೊಡ್ಡಪ್ಪ ಇಬ್ಬರೂ ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಮಗಳು ಸ್ಟುಟ್‌ಗಾರ್ಟಿನ ಹತ್ತಿರ ಕೆಲಸಕ್ಕೆ ಸೇರಿದಾಗ ಒಂದು ಡಿಸೆಂಬರ್ ಅಲ್ಲಿಗೆ ಹೋದೆ. ಅದು ಹಳೆಯ ವುರ್ಟೆಂಬರ್ಗ್. ಅಜ್ಜಿಯ ಮೌನದ ತವರನ್ನು ನೋಡುವ ಆಸೆ ನನಗೆ. 24ರ ಮಧ್ಯಾಹ್ನವೇ ಅಂಗಡಿಗಳು ಮುಚ್ಚಿದವು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸರಿ, ಇದೇ ಅದು ಅಂದುಕೊಂಡೆ. ಆಗ ದೇವಾಲಯದ ಗೋಪುರದ ಮೇಲಿಂದ ಹಿತ್ತಾಳೆ ವಾದ್ಯಗಳು ಮೊಳಗಿದವು. ಏಳೆಂಟು ಜನ ದಪ್ಪ ಕೋಟು ತೊಟ್ಟು, ಚಳಿಯಲ್ಲಿ ಕೆನ್ನೆ ಉಬ್ಬಿಸಿ, ತುತ್ತೂರಿ ಟ್ರಾಂಬೋನುಗಳಲ್ಲಿ ಊರಿಗೆಲ್ಲ ಕೇಳುವ ಹಾಗೆ ಊದುತ್ತಿದ್ದರು. ಗೋಪುರದಿಂದ ಊದುವುದು ಅಲ್ಲಿಯ ಹಳೆಯ ಪದ್ಧತಿ ಅಂತ ಮಗಳು ಹೇಳಿದಳು. ಮೌನಿಗಳ ನಾಡಿನಲ್ಲೂ ಯಾರದ್ದೋ ಮನೆಯ ದೊಡ್ಡಪ್ಪಂದಿರು ಗೋಪುರ ಹತ್ತಿ ಕೂತಿದ್ದರು.

ಆರಾಧನೆಯ ಕೊನೆಗೆ ದೀಪ ಆರಿಸಿ ‘ಸೈಲೆಂಟ್ ನೈಟ್’ ಹಾಡಿದರು. ಜರ್ಮನ್ ನನಗೆ ಬಾರದು, ಧಾಟಿ ಬರುತ್ತದೆ, ಕನ್ನಡದಲ್ಲೇ ಸೇರಿಸಿದೆ. ಅಲ್ಲಿಗೆ ಮುಗಿಯಿತು ಅಂತ ಶಾಲು ಹೊದೆಯುವಷ್ಟರಲ್ಲಿ ಎಲ್ಲರೂ ಎದ್ದು ನಿಂತರು, ಆರ್ಗನ್ ಪೂರ್ತಿ ಗಂಟಲು ಬಿಟ್ಟಿತು. ‘ಓ ದು ಫ್ರ್ಯೋಲಿಷೆ’, ಸಂತೋಷದ ಹಾಡು. ಜರ್ಮನಿಯ ಎಷ್ಟೋ ದೇವಾಲಯಗಳಲ್ಲಿ ಆ ರಾತ್ರಿಯ ಆರಾಧನೆ ಮುಗಿಯುವುದೇ ಅದರಿಂದ. ಅದನ್ನು ಬರೆದ ಯೋಹಾನೆಸ್ ಫಾಲ್ಕ್ ವೈಮಾರಿನವರು. 1813ರಲ್ಲಿ, ಯುದ್ಧದ ಬೆನ್ನಿಗೆ ಬಂದ ಸಾಂಕ್ರಾಮಿಕ ಜ್ವರದಲ್ಲಿ ಅವರ ನಾಲ್ಕು ಮಕ್ಕಳು ಹೋದರು. ಆಮೇಲೆ ಅವರು ಬೀದಿಯ ಅನಾಥ ಮಕ್ಕಳನ್ನು ಮನೆಗೆ ತಂದು ಸಾಕಿದರು, ಆ ಮಕ್ಕಳು ಹಾಡಲಿ ಅಂತ ಸಿಸಿಲಿಯ ಧಾಟಿಯೊಂದಕ್ಕೆ ಈ ಹಾಡು ಕಟ್ಟಿದರು. ಈ ಸಂಗತಿ ಓದಿದ ದಿನ ನನಗೆ ಜೆಪ್ಪಿನ ಆ ಮುಚ್ಚಿದ ಬಾಗಿಲು ನೆನಪಾಯಿತು. ಆ ತಾಯಿ ಯಾಕೆ ಬಾರಿಸಿ ಅಂದರು, ಬಾರಿಸಿದ ಮೇಲೆ ಯಾಕೆ ಒಳಗೆ ಹೋದರು ಅಂತ ನಾವ್ಯಾರೂ ಕೇಳಲಿಲ್ಲ. ಕೇಳುವ ಪ್ರಶ್ನೆಯೂ ಅದಲ್ಲ. ಮರುವರ್ಷ ಡ್ರಮ್ ಅವರ ಅಂಗಳಕ್ಕೆ ಬಾರಿಸಿಕೊಂಡೇ ಹೋಯಿತು, ಅಷ್ಟು ಗೊತ್ತು.

ಈಗ ಕ್ಯಾರೋಲಿಗೆ ಟೆಂಪೋ ಉಂಟು, ಜನರೇಟರ್ ಉಂಟು, ಕೀಬೋರ್ಡಿಗೆ ಎರಡು ಸ್ಪೀಕರ್ ಉಂಟು. ಮೆಲ್ಲಗಿನ ಹಾಡನ್ನೂ ಅದರಲ್ಲಿ ಎಷ್ಟು ಜೋರಾಗಿ ಹಾಕುತ್ತಾರೆಂದರೆ, ಮಲಗಿದ ಕೂಸಿನ ಬಗ್ಗೆ ಹಾಡಿ ಬೀದಿಯ ಕೂಸುಗಳನ್ನೆಲ್ಲ ಎಬ್ಬಿಸುತ್ತಾರೆ. ಇದನ್ನು ದೊಡ್ಡಪ್ಪನ ಪಕ್ಷ ಅಂತ ನಾನು ಒಪ್ಪುವುದಿಲ್ಲ. ಅವರ ಡ್ರಮ್ಮಿನ ಹಿಂದೆ ಒಬ್ಬ ಮನುಷ್ಯನ ತೋಳಿನ ನೋವು ಇತ್ತು, ಮಧ್ಯೆ ಅವರಿಗೂ ಸುಸ್ತಾಗುತ್ತಿತ್ತು, ಆಗ ಉಳಿದವರ ದನಿ ಕೇಳುತ್ತಿತ್ತು. ಸ್ಪೀಕರಿಗೆ ಸುಸ್ತಾಗುವುದಿಲ್ಲ.

ಹೋದ ವರ್ಷ ಕ್ಯಾರೋಲಿನ ಮನೆಗಳ ಪಟ್ಟಿ ಮಾಡುವ ಸಭೆಯಲ್ಲಿ ಹೊಸ ತಕರಾರು ಬಂತು. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವ ಹಾಗಿಲ್ಲ ಅಂತ ಯಾರೋ ನೆನಪಿಸಿದರು. ವಕೀಲಿಕೆ ಓದುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ 2000ದ ಶಬ್ದಮಾಲಿನ್ಯದ ನಿಯಮ, ಆಮೇಲಿನ ತಿದ್ದುಪಡಿ ಎಲ್ಲ ತೆಗೆದು ಓದಿದಳು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕೂ ಇಲ್ಲ, ವಾದ್ಯವೂ ಇಲ್ಲ. ಡ್ರಮ್ ವಾದ್ಯದ ಲೆಕ್ಕಕ್ಕೆ ಬರುತ್ತದಾ ಅಂತ ನನ್ನ ದೊಡ್ಡಪ್ಪನ ಮೊಮ್ಮಗ ಕೇಳಿದ. ಇನ್ನೇನು, ತರಕಾರಿಯ ಲೆಕ್ಕಕ್ಕೆ ಬರುತ್ತದಾ ಅಂದಳು ಅವಳು. ಕೊನೆಗೆ, ಹತ್ತರವರೆಗೆ ಎಲ್ಲ ಸರಂಜಾಮು, ಹತ್ತರ ನಂತರದ ಮನೆಗಳಿಗೆ ಬರೀ ಬಾಯಿಹಾಡು ಅಂತ ತೀರ್ಮಾನವಾಯಿತು. ಹಾಗಾದರೆ ಆ ಮನೆಗಳವರು ಬೇಸರ ಮಾಡಿಕೊಳ್ಳುತ್ತಾರೆ, ಯಾರನ್ನು ಪಟ್ಟಿಯ ಕೊನೆಗೆ ಹಾಕುವುದು ಅಂತ ಹುಡುಗರಿಗೆ ಚಿಂತೆ.

ಚಿಂತೆ ಒಂದು ವಾರವೂ ಉಳಿಯಲಿಲ್ಲ. ಮನೆಯವರೇ ಫೋನ್ ಮಾಡಿ, ನಮ್ಮದನ್ನು ಹತ್ತರ ನಂತರಕ್ಕೆ ಇಡಿ, ಎಷ್ಟು ತಡವಾದರೂ ಅಡ್ಡಿಯಿಲ್ಲ ಅನ್ನತೊಡಗಿದರು. ನಾನೂ ಫೋನ್ ಮಾಡಿದೆ. ಆಗಲೇ ಆ ಸಾಲು ಭರ್ತಿಯಾಗಿದೆ ಅಂದ ದೊಡ್ಡಪ್ಪನ ಮೊಮ್ಮಗ; ನನಗೆ ಸಿಕ್ಕಿದ್ದು ಏಳೂವರೆ, ಡ್ರಮ್ ಸಮೇತ.